ಯಾರ ಪೈಕಿ?

2024ರ ಆಗಸ್ಟ್ ಮೊದಲ ವಾರದಲ್ಲಿ ಬಂದ ಆ ಇಮೇಲ್‌ನಲ್ಲಿ ನನ್ನ ಕಣ್ಣು ಮೊದಲು ಹೋಗಿ ನಿಂತದ್ದು 12 ಟನ್ ಎಂಬ ಅಂಕಿಯ ಮೇಲೆ. ಬ್ಯಾಡಗಿ ಮೆಣಸಿನಕಾಯಿ ಪುಡಿ, 20 ಅಡಿಯ ಒಂದು ಕಂಟೇನರ್ ತುಂಬ; ಬೆಲೆ ಹೊಂದಿದರೆ ತಿಂಗಳಿಗೊಂದು ಕಂಟೇನರ್. ಬರೆದವರು ಇಂಗ್ಲೆಂಡಿನ ಒಂದು ಸಗಟು ಆಹಾರ ಕಂಪನಿಯ ಖರೀದಿ ವಿಭಾಗದ ಮುಖ್ಯಸ್ಥರು ಎಂದು ಕೆಳಗಿನ ಸಹಿ ಹೇಳುತ್ತಿತ್ತು.

ಆ ವರ್ಷ ಬ್ಯಾಡಗಿಯಲ್ಲಿ ಮಾಲು ಇಟ್ಟುಕೊಂಡಿದ್ದವರಿಗೆ ಮಾತ್ರ ಆ ಅಂಕಿಯ ತೂಕ ತಿಳಿಯುತ್ತದೆ. ಮಾರ್ಚ್‌ನಲ್ಲಿ ಬೆಲೆ ಒಮ್ಮೆಗೇ ಕುಸಿದು, ರೈತರ ಸಿಟ್ಟು ಕಟ್ಟೆಯೊಡೆದು, ಎಪಿಎಂಸಿ ಆವರಣದಲ್ಲಿ ವಾಹನಗಳಿಗೆ ಬೆಂಕಿ ಬಿದ್ದದ್ದನ್ನು ನಾಡೆಲ್ಲ ನೋಡಿತ್ತು. ಅದಾಗಿ ಐದು ತಿಂಗಳಾದರೂ ನನ್ನ ಚೀಲಗಳು ಕೋಲ್ಡ್ ಸ್ಟೋರೇಜ್‌ನಲ್ಲಿ ಬಾಡಿಗೆ ಏರಿಸಿಕೊಳ್ಳುತ್ತ ಕುಳಿತಿದ್ದವು. ಪುಡಿ ಮಾಡುವ ಗಿರಣಿ ವಾರಕ್ಕೆ ಎರಡು ದಿನ ಮಾತ್ರ ತಿರುಗುತ್ತಿತ್ತು. ತೊಟ್ಟು ಬಿಡಿಸಲು ಬರುತ್ತಿದ್ದ ಹೆಣ್ಣುಮಕ್ಕಳು ಪ್ರತಿ ಸೋಮವಾರ ಬಾಗಿಲ ಬಳಿ ನಿಂತು, ಕೆಲಸ ಇದೆಯೇ ಎಂದು ಕೇಳಿ ಮರಳುತ್ತಿದ್ದರು. ಅಂಥ ಹೊತ್ತಿನಲ್ಲಿ 12 ಟನ್.

ನಾನು ಅದಕ್ಕೆ ಮೊದಲು ರಫ್ತು ಮಾಡಿಲ್ಲವೆಂದಲ್ಲ. ಮುಂಬೈನ ವ್ಯಾಪಾರಿಗಳ ಮೂಲಕ ನನ್ನ ಪುಡಿ ಹೊರದೇಶಕ್ಕೆ ಹೋಗುತ್ತಲೇ ಇತ್ತು. ನನ್ನ ಹೆಸರಿನಲ್ಲೇ ಆಮದು-ರಫ್ತು ಕೋಡ್ ಇದೆ, ಸಾಂಬಾರ ಮಂಡಳಿಯ ನೋಂದಣಿ ಇದೆ, ದುಬೈಗೆ ಎರಡು ಬಾರಿ ನೇರವಾಗಿ ಕಳಿಸಿದ್ದೇನೆ. ಆದರೆ ದುಬೈನ ಆ ಖರೀದಿದಾರರು ಬ್ಯಾಡಗಿಗೆ ಬಂದು ನಮ್ಮ ಮನೆಯಲ್ಲಿ ಊಟ ಮಾಡಿ ಹೋದವರು. ಮುಖ ನೋಡದೆ, ಬರಿಯ ಕಾಗದ ನೋಡಿ ಮಾಲು ಕಳಿಸುವ ಪ್ರಸಂಗ ಬಂದದ್ದು ಇದೇ ಮೊದಲು.

ಎರಡು ದಿನಗಳಲ್ಲಿ ಅವರಿಂದ ಕಂಪನಿಯ ನೋಂದಣಿ ಪತ್ರ, ವ್ಯಾಟ್ ಸಂಖ್ಯೆ, ಬ್ಯಾಂಕಿನ ಹೆಸರು, ಖರೀದಿ ಆದೇಶದ ಕರಡು ಎಲ್ಲವೂ ಬಂದವು. ನಾನು ಕೇಳುವ ಮೊದಲೇ ಬಂದವು. ಮಾಲು ತಲುಪಿದ 60 ದಿನಗಳಿಗೆ ಹಣ ಎಂಬುದು ಅವರ ಷರತ್ತು. ಹಣಕ್ಕೆ ಖರೀದಿದಾರರ ಬ್ಯಾಂಕೇ ಹೊಣೆ ನಿಲ್ಲುವ ಪತ್ರ, ಅಂದರೆ ನಾವು ಎಲ್‌ಸಿ ಎನ್ನುವುದನ್ನು ತೆರೆಯುವ ರೂಢಿ ತಮ್ಮ ಕಂಪನಿಯಲ್ಲಿಲ್ಲ, ನಮ್ಮ ಲೆಕ್ಕಪತ್ರ ನೋಡಿಕೊಳ್ಳಿ, ಆಮೇಲೆ ತೀರ್ಮಾನಿಸಿ ಎಂದು ಬಹಳ ಸಭ್ಯವಾಗಿ ಬರೆದಿದ್ದರು. ನಾನು ನೋಡಿದೆ.

ಬ್ರಿಟನ್‌ನಲ್ಲಿ ಕಂಪನಿಗಳ ದಾಖಲೆ ಇಡುವ ಸರ್ಕಾರಿ ಸಂಸ್ಥೆಯ ಹೆಸರು ಕಂಪನೀಸ್ ಹೌಸ್. ಪ್ರತಿ ಕಂಪನಿಗೂ ಎಂಟು ಅಂಕಿ-ಅಕ್ಷರಗಳ ಒಂದು ಸಂಖ್ಯೆ ಇರುತ್ತದೆ. ಅದನ್ನು ಅವರ ಜಾಲತಾಣದಲ್ಲಿ ಹಾಕಿದರೆ ಕಂಪನಿ ಹುಟ್ಟಿದ ದಿನ, ನಿರ್ದೇಶಕರ ಹೆಸರುಗಳು, ಯಾರ ಹಿಡಿತದಲ್ಲಿದೆ ಎಂಬುದು, ವರ್ಷವರ್ಷದ ಲೆಕ್ಕಪತ್ರ, ಆಸ್ತಿಯ ಮೇಲೆ ಯಾವ ಬ್ಯಾಂಕಿನ ಸಾಲದ ಹೊಣೆ ಇದೆ ಎಂಬುದು, ಎಲ್ಲವೂ ಒಂದು ಪೈಸೆ ಕೊಡದೆ ಸಿಗುತ್ತವೆ. ಇದು ದೊಡ್ಡ ಅನುಕೂಲ. ಹೊರದೇಶದ ಖರೀದಿದಾರರೊಡನೆ ವ್ಯವಹರಿಸುವ ನಮ್ಮವರಲ್ಲಿ ಎಷ್ಟೋ ಮಂದಿಗೆ ಇದು ಗೊತ್ತೇ ಇಲ್ಲವೆಂಬುದು ನನಗೆ ಬೇಸರ ತರುತ್ತದೆ.

ಅದಕ್ಕೂ ಎರಡು ವರ್ಷ ಮೊದಲು ಹುಬ್ಬಳ್ಳಿಯ ನನ್ನ ಗೆಳೆಯರೊಬ್ಬರು ಇದೇ ಜಾಲತಾಣದಿಂದ ಬಚಾವಾಗಿದ್ದರು. ಅವರನ್ನು ಹುಡುಕಿಕೊಂಡು ಬಂದ ಕಂಪನಿ ತಾನು ದೊಡ್ಡ ಆಮದುದಾರ ಎಂದು ಹೇಳಿಕೊಂಡಿತ್ತು. ದಾಖಲೆ ತೆಗೆದರೆ ಹುಟ್ಟಿ ನಾಲ್ಕು ತಿಂಗಳಾಗಿತ್ತು, ಬಂಡವಾಳ ಒಂದು ಪೌಂಡ್, ವಿಳಾಸದಲ್ಲಿ ಸಾವಿರಾರು ಕಂಪನಿಗಳು ಒಟ್ಟಿಗೆ ನೋಂದಣಿಯಾಗಿದ್ದವು. ಆಗ ಅಲ್ಲಿ ಆನ್‌ಲೈನ್‌ನಲ್ಲಿ ಕಂಪನಿ ನೋಂದಾಯಿಸಲು 12 ಪೌಂಡ್ ಸಾಕಾಗುತ್ತಿತ್ತು. 2024ರ ಮೇ ತಿಂಗಳಿನಿಂದ ಅದು 50 ಪೌಂಡ್ ಆಯಿತು. ಅದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಬಹಳ ಕಾಲ ಈ ಸಂಸ್ಥೆ ತನಗೆ ಸಲ್ಲಿಸಿದ್ದನ್ನು ಹಾಗೆಯೇ ಬರೆದುಕೊಳ್ಳುತ್ತಿತ್ತು, ನಿಜವೇ ಎಂದು ತಾನಾಗಿ ಪರೀಕ್ಷಿಸುತ್ತಿರಲಿಲ್ಲ. 2023ರಲ್ಲಿ ಹೊಸ ಕಾನೂನು ಬಂದು, 2024ರ ಮಾರ್ಚ್‌ನಿಂದ ಸಂಶಯ ಬಂದದ್ದನ್ನು ಪ್ರಶ್ನಿಸುವ, ತಿರಸ್ಕರಿಸುವ ಅಧಿಕಾರ ಅದಕ್ಕೆ ಸಿಕ್ಕಿತು. ನಿರ್ದೇಶಕರು ತಮ್ಮ ಗುರುತನ್ನು ಸಾಬೀತುಪಡಿಸಬೇಕೆಂಬ ನಿಯಮ ಕಡ್ಡಾಯವಾಗಿ ಜಾರಿಗೆ ಬಂದದ್ದು 2025ರ ನವೆಂಬರ್‌ನಲ್ಲಿ.

ಗೆಳೆಯರ ಆ ಅನುಭವವನ್ನು ಕೇಳಿದ್ದರಿಂದ ನಾನು ಒಂದೊಂದನ್ನೂ ಮುಟ್ಟಿ ನೋಡಿದೆ. ನನ್ನ ಖರೀದಿದಾರರ ಕಂಪನಿ ಹುಟ್ಟಿ 26 ವರ್ಷ ಕಳೆದಿತ್ತು. ಒಂದು ವರ್ಷವೂ ಲೆಕ್ಕಪತ್ರ ತಪ್ಪಿರಲಿಲ್ಲ. ವ್ಯವಹಾರವಿಲ್ಲದೆ ಮಲಗಿದ ಕಂಪನಿ ಅಲ್ಲ, ಗೋದಾಮು, ಲಾರಿ, ನೌಕರರು ಎಲ್ಲ ಇದ್ದ ಕಂಪನಿ. ನಿರ್ದೇಶಕರು ಹತ್ತು ಹನ್ನೆರಡು ವರ್ಷಗಳಿಂದ ಅದೇ ಹೆಸರಿನವರು. ದಿವಾಳಿ ನೋಟಿಸುಗಳು ಪ್ರಕಟವಾಗುವ ಅಲ್ಲಿನ ಗೆಜೆಟ್‌ನಲ್ಲಿ ಈ ಹೆಸರು ಇರಲಿಲ್ಲ. ಬ್ರಿಟನ್ ಸರ್ಕಾರದ ತಾಣದಲ್ಲಿ ವ್ಯಾಟ್ ಸಂಖ್ಯೆಯ ಒಂಬತ್ತು ಅಂಕಿಗಳನ್ನು ಹಾಕಿದಾಗ ಅದೇ ಹೆಸರು, ಅದೇ ವಿಳಾಸ ತೆರೆದುಕೊಂಡಿತು. ರಾತ್ರಿ ಹನ್ನೊಂದಾಗಿತ್ತು. ಎದೆಯ ಮೇಲಿನ ಕಲ್ಲು ಇಳಿದಂತಾಗಿ ಮಲಗಿದೆ. ಬೆಳಗ್ಗೆ ಬ್ಯಾಂಕಿಗೆ ಹೋಗಿ, ಪ್ಯಾಕಿಂಗ್ ಕ್ರೆಡಿಟ್, ಅಂದರೆ ರಫ್ತಿನ ಮಾಲು ಸಿದ್ಧಪಡಿಸಲು ಕೊಡುವ ಸಾಲ, ಎಷ್ಟು ಸಿಕ್ಕೀತು ಎಂದು ವಿಚಾರಿಸಿಯೂ ಬಂದೆ.

ಅನುಮಾನ ಹುಟ್ಟಿದ್ದು ಕಾಗದದಿಂದಲ್ಲ, ಮೆಣಸಿನಕಾಯಿಯಿಂದ.

ಖರೀದಿ ಆದೇಶದ ಕರಡನ್ನು ಮತ್ತೊಮ್ಮೆ ಓದುತ್ತಿದ್ದೆ. ತೂಕ, ಚೀಲದ ಅಳತೆ, ಬೆಲೆ, ಬಂದರು ಎಲ್ಲ ಇತ್ತು. ಆದರೆ ಬಣ್ಣದ ಮಾತೇ ಇರಲಿಲ್ಲ. ಬ್ಯಾಡಗಿ ಕಾಯಿಯನ್ನು ಜಗತ್ತು ಕೊಳ್ಳುವುದು ಅದರ ಬಣ್ಣಕ್ಕಾಗಿ. ಖಾರ ಕಡಿಮೆ, ಕೆಂಪು ಗಾಢ. ಕೊಳ್ಳುವವರು ಮೊದಲು ಕೇಳುವುದೇ ಕೆಂಪಿನ ಗಾಢತೆಯನ್ನು ಅಳೆಯುವ ಆಸ್ಟಾ ಬಣ್ಣದ ಮೌಲ್ಯ ಎಷ್ಟು ಎಂದು. ಇವರು ಕೇಳಿರಲಿಲ್ಲ. ತೇವಾಂಶ ಕೇಳಿರಲಿಲ್ಲ. ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷದ ಬಗ್ಗೆ ಕೇಳಿರಲಿಲ್ಲ, ಅಲ್ಲಿ ಮೆಣಸಿನಪುಡಿಯ ಒಂದು ಕಿಲೋದಲ್ಲಿ ಬಿ1 ಎಂಬ ಬಗೆಯದು 5 ಮೈಕ್ರೋಗ್ರಾಂ ಮೀರುವಂತಿಲ್ಲ, ಒಟ್ಟು 10 ಮೀರುವಂತಿಲ್ಲ. ಆಹಾರದಲ್ಲಿ ನಿಷೇಧಿಸಿದ ಸುಡಾನ್ ಎಂಬ ಕೃತಕ ಬಣ್ಣದ ಪರೀಕ್ಷೆಯನ್ನೂ ಕೇಳಿರಲಿಲ್ಲ. 2005ರಲ್ಲಿ ಬ್ರಿಟನ್‌ನಲ್ಲಿ ಸುಡಾನ್-1 ಬೆರೆತ ಮೆಣಸಿನಪುಡಿಯ ದೆಸೆಯಿಂದ 400ಕ್ಕೂ ಹೆಚ್ಚು ಆಹಾರ ಪದಾರ್ಥಗಳನ್ನು ಅಂಗಡಿಗಳಿಂದ ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಆ ಹೊಡೆತ ತಿಂದ ನಾಡಿನ ಸಗಟು ವ್ಯಾಪಾರಿ, ಆ ಹೊತ್ತಿಗೆ ಹದಿನಾರಾಣೆ ವ್ಯಾಪಾರಿಯೇ ಆಗಿದ್ದವನು, ಇದನ್ನು ಮರೆಯುವುದು ಸಾಧ್ಯವೇ?

ಇನ್ನೂ ಒಂದಿತ್ತು. ಅದೇ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್ ಮತ್ತು ಸಿಂಗಪುರಗಳು ಭಾರತದ ಕೆಲವು ಮಸಾಲೆ ಪುಡಿಗಳಲ್ಲಿ ಎಥಿಲೀನ್ ಆಕ್ಸೈಡ್ ಎಂಬ ಕ್ರಿಮಿನಾಶಕ ಇದೆಯೆಂದು ಮಾರಾಟ ತಡೆದಿದ್ದವು. ಮೇ ತಿಂಗಳಲ್ಲಿ ಬ್ರಿಟನ್ನಿನ ಆಹಾರ ಇಲಾಖೆ ಭಾರತದಿಂದ ಬರುವ ಎಲ್ಲ ಸಾಂಬಾರ ಪದಾರ್ಥಗಳ ಮೇಲೂ ಹೆಚ್ಚಿನ ತಪಾಸಣೆ ಎಂದು ಹೇಳಿತ್ತು. ನಾವೆಲ್ಲ ಪ್ರಯೋಗಾಲಯದ ವರದಿ ಕೈಯಲ್ಲಿ ಹಿಡಿದುಕೊಂಡೇ ಓಡಾಡುತ್ತಿದ್ದ ದಿನಗಳವು. ಆ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಒಬ್ಬ ಖರೀದಿದಾರ ಆ ಪದವನ್ನೇ ಎತ್ತದೆ 12 ಟನ್ ಕೇಳುತ್ತಾನೆಂದರೆ, ಅವನಿಗೆ ಪುಡಿಯನ್ನು ತಿನ್ನಿಸುವ ಯೋಚನೆ ಇದ್ದಂತಿಲ್ಲ ಎಂದು ನನಗೆ ಅನ್ನಿಸಿತು.

ಆಗ ನೆನಪಾದದ್ದು ಅಪ್ಪನ ದಲಾಲಿ ಅಂಗಡಿ. ನಾನು ಶಾಲೆಗೆ ಹೋಗುತ್ತಿದ್ದ ಕಾಲ. ಹೊಸಬರು ಯಾರೇ ಬಂದು ಗಾದಿಯ ಮೇಲೆ ಕುಳಿತರೂ ಅಪ್ಪ ಮೊದಲು ಕೇಳುತ್ತಿದ್ದದ್ದು, ‘ಯಾವ ಊರು? ಯಾರ ಪೈಕಿ?’ ಒಮ್ಮೆ ಒಬ್ಬರು ಗುಂಟೂರಿನ ದೊಡ್ಡ ಪೇಟೆಯವರೊಬ್ಬರ ಹೆಸರು ಹೇಳಿ, ಅವರ ಕಡೆಯವನು, ಇನ್ನೂರು ಚೀಲ ಬೇಕು, ಹಣ ಹುಂಡಿಯಲ್ಲಿ ಬರುತ್ತದೆ ಎಂದರು. ಅವರ ಕೈಯಲ್ಲಿ ಗುಂಟೂರಿನ ಅಂಗಡಿಯ ಕಾರ್ಡು ಇತ್ತು, ಅದರಲ್ಲಿ ಟೆಲಿಫೋನ್ ನಂಬರೂ ಇತ್ತು. ಅಪ್ಪ ಆ ಕಾರ್ಡನ್ನು ತೆಗೆದುಕೊಂಡು ಓದಿ, ಮರ್ಯಾದೆಯಿಂದ ವಾಪಸು ಕೊಟ್ಟರು. ಅತಿಥಿಗೆ ಚಹಾ ತರಿಸಿದರು. ಆಮೇಲೆ ಗಾದಿಯ ಕೆಳಗಿನಿಂದ ತಮ್ಮ ಹಳೆಯ ನೋಟ್‌ಬುಕ್ ತೆಗೆದು, ಅದರಲ್ಲಿದ್ದ ನಂಬರಿಗೆ ಟ್ರಂಕ್ ಕಾಲ್ ಬುಕ್ ಮಾಡಿಸಿದರು. ಬಂದವರ ಕೈಯಲ್ಲಿದ್ದ ನಂಬರಿಗಲ್ಲ. ಕಾಲ್ ಸಿಗಲು ಒಂದೂವರೆ ತಾಸು ಹಿಡಿಯಿತು. ಅಷ್ಟರಲ್ಲಿ ಆ ಮನುಷ್ಯ ಚಹಾದ ಲೋಟ ಅಲ್ಲೇ ಬಿಟ್ಟು ಎದ್ದು ಹೋಗಿದ್ದರು.

ನಾನು ಎರಡು ರಾತ್ರಿ ಕುಳಿತು ವಿಚಾರಿಸಿದ್ದು ಕಂಪನಿಯನ್ನು. ಪತ್ರ ಬರೆದವರು ಆ ಕಂಪನಿಯ ಪೈಕಿಯವರು ಹೌದೋ ಅಲ್ಲವೋ ಎಂಬುದನ್ನು ನಾನು ವಿಚಾರಿಸಿರಲೇ ಇಲ್ಲ. ಅವರೇ ಕೊಟ್ಟ ಸಂಖ್ಯೆಯನ್ನು ಹಾಕಿ ನೋಡಿ, ಸರಿಯಾಗಿದೆ ಎಂದು ಸಮಾಧಾನಪಟ್ಟಿದ್ದೆ. ಅದು ಸರಿಯಾಗಿಯೇ ಇರುತ್ತದೆ. ಯಾರು ಬೇಕಾದರೂ ಅದೇ ತಾಣದಿಂದ ಅದನ್ನು ಇಳಿಸಿಕೊಂಡು ನನಗೆ ಕಳಿಸಬಹುದಲ್ಲವೇ.

ಇಮೇಲ್ ವಿಳಾಸವನ್ನು ಅಕ್ಷರ ಅಕ್ಷರ ಬಿಡಿಸಿ ಓದಿದೆ. ಕಂಪನಿಯ ನಿಜವಾದ ಜಾಲತಾಣದ ಹೆಸರು ‘ಸಿಒ ಡಾಟ್ ಯುಕೆ’ ಎಂದು ಮುಗಿಯುತ್ತಿತ್ತು. ನನಗೆ ಬಂದ ಪತ್ರಗಳ ವಿಳಾಸದಲ್ಲಿ ಕಂಪನಿಯ ಹೆಸರಿನ ಮುಂದೆ ಒಂದು ಅಡ್ಡಗೆರೆ, ಆಮೇಲೆ ‘ಯುಕೆ’, ಆಮೇಲೆ ‘ಡಾಟ್ ಕಾಮ್’. ಓದುವಾಗ ಎರಡೂ ಒಂದೇ ಎನ್ನಿಸುತ್ತದೆ. ಜಾಲತಾಣದ ಹೆಸರು ಯಾವಾಗ ನೋಂದಣಿಯಾಯಿತು ಎಂದು ತಿಳಿಯಲು ‘ಹೂಈಸ್’ ಎಂಬ ಹುಡುಕುವ ವ್ಯವಸ್ಥೆ ಇದೆ, ಅದಕ್ಕೂ ಖರ್ಚಿಲ್ಲ. ಮಾಲೀಕರ ಹೆಸರು ಮರೆಯಾಗಿರುತ್ತದೆ, ಆದರೆ ದಿನಾಂಕ ಕಾಣುತ್ತದೆ. 26 ವರ್ಷದ ಕಂಪನಿಯ ಆ ಹೆಸರು ನೋಂದಣಿಯಾಗಿದ್ದದ್ದು ಆರು ವಾರಗಳ ಹಿಂದೆ. ಆ ತಾರೀಖನ್ನು ನೋಡಿದಾಗ ಕೈ ತಣ್ಣಗಾಯಿತು.

ಫೋನ್ ನಂಬರ್ ನೋಡಿದೆ. ಬ್ರಿಟನ್‌ನಲ್ಲಿ 01 ಅಥವಾ 02ರಿಂದ ಆರಂಭವಾದರೆ ಅದು ಒಂದು ಊರಿನ ಸ್ಥಿರ ದೂರವಾಣಿ. 07 ಎಂದರೆ ಸಾಮಾನ್ಯವಾಗಿ ಮೊಬೈಲ್. ಹೊರದೇಶದಿಂದ ಕರೆಯುವಾಗ ಮೊದಲಿನ ಸೊನ್ನೆ ಬಿಟ್ಟು 44ರ ಮುಂದೆ 7 ಎಂದು ಬರುವುದರಿಂದ ನಮಗೆ ಅದು ಹೊಳೆಯುವುದಿಲ್ಲ. ಪತ್ರದ ಕೊನೆಯಲ್ಲಿದ್ದ ಮೂರು ನಂಬರುಗಳೂ ಮೊಬೈಲ್.

ಮಾಲು ಇಳಿಸಬೇಕಾದ ವಿಳಾಸ ಬೇರೆ ಇತ್ತು, ಕಂಪನಿಯ ಗೋದಾಮಿನಿಂದ ಐವತ್ತು ಅರುವತ್ತು ಕಿಲೋಮೀಟರ್ ದೂರದ ಇನ್ನೊಂದು ಊರು. ಹೊಸ ಗೋದಾಮು ಎಂದು ವಿವರಣೆ ಬಂದಿತ್ತು. ನಮ್ಮ ಅಣ್ಣನ ಮಗಳು ಲೆಸ್ಟರ್‌ನಲ್ಲಿ ಕೆಲಸದಲ್ಲಿದ್ದಾಳೆ. ಅವಳಿಗೆ ಫೋನ್ ಮಾಡಿ, ‘ಮಗಳೇ, ನಿನಗೆ ಒಂದು ತೊಂದರೆ ಕೊಡಬೇಕಾಗಿದೆ’ ಎಂದೆ. ‘ಇದರಲ್ಲಿ ತೊಂದರೆ ಏನು ಕಾಕಾ, ಶನಿವಾರ ರಜೆ ಇದೆ, ಹೋಗಿ ಬರುತ್ತೇನೆ’ ಎಂದಳು. ಹೋದಳು. ಅಲ್ಲಿಂದಲೇ ವಿಡಿಯೊ ಕರೆ ಮಾಡಿ ತೋರಿಸಿದಳು. ತಿಂಗಳ ಬಾಡಿಗೆಗೆ ಕೊಡುವ ಕಬ್ಬಿಣದ ಶಟರ್‌ಗಳ ಸಾಲು, ಒಂದರ ಮೇಲೂ ಹೆಸರಿಲ್ಲ. ಪಕ್ಕದಲ್ಲಿ ಟೈರ್ ರಾಶಿ. ನನಗೆ ಎಲ್ಲಕ್ಕಿಂತ ಎದ್ದು ಕಂಡದ್ದು ಆ ಓಣಿಯ ಅಗಲ. ‘ಆ ತಿರುವಿನಲ್ಲಿ ಸ್ವಲ್ಪ ನಿಲ್ಲು’ ಎಂದೆ. ಅವಳು ನಿಂತು ಎರಡೂ ಕೈ ಚಾಚಿ ಅಂದಾಜು ತೋರಿಸಿದಳು. 20 ಅಡಿಯ ಕಂಟೇನರ್ ಹೊತ್ತ ಲಾರಿ ಆ ತಿರುವಿನಲ್ಲಿ ಹೊರಳುವುದು ಸಾಧ್ಯವೇ ಇರಲಿಲ್ಲ. ಮಾಲನ್ನು ರಸ್ತೆಯಲ್ಲೇ ಇಳಿಸಿಕೊಂಡು ಸಣ್ಣ ವ್ಯಾನುಗಳಿಗೆ ತುಂಬಿಕೊಂಡು ಹೋಗುವ ಜಾಗ ಅದು.

ಸೋಮವಾರ ನಮ್ಮ ಮಧ್ಯಾಹ್ನ ಎರಡಕ್ಕೆ, ಅಂದರೆ ಅಲ್ಲಿನ ಬೆಳಗ್ಗೆ ಒಂಬತ್ತೂವರೆಗೆ, ಕಂಪನಿಯ ನಿಜವಾದ ಜಾಲತಾಣದಲ್ಲಿದ್ದ ಸ್ಥಿರ ದೂರವಾಣಿಗೆ ಕರೆ ಮಾಡಿದೆ. ಖರೀದಿ ವಿಭಾಗದ ಮಹಿಳೆಯೊಬ್ಬರು ಮಾತನಾಡಿದರು. ನಾನು ಆದೇಶದ ಸಂಖ್ಯೆ ಹೇಳಿದೆ. ಅತ್ತಲಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವರು ನಿಧಾನವಾಗಿ ಕೇಳಿದರು: ‘ನೀವು ಮಾಲು ಕಳಿಸಿಬಿಟ್ಟಿದ್ದೀರಾ?’

ಇಲ್ಲ ಎಂದೆ. ಅವರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಆ ಬೇಸಿಗೆಯಲ್ಲಿ ನಾನು ಅವರಿಗೆ ಕರೆ ಮಾಡಿದ ಮೂರನೆಯವನು. ಮೊದಲನೆಯವರು ಸ್ಪೇನ್‌ನ ಎಣ್ಣೆಯವರು. ಅವರು ಕರೆ ಮಾಡಿದ್ದು ಹಣ ಯಾವಾಗ ಬರುತ್ತದೆ ಎಂದು ಕೇಳಲು. ಎಣ್ಣೆ ಇಂಗ್ಲೆಂಡಿಗೆ ಬಂದು, ಯಾರೋ ಸಹಿ ಹಾಕಿ ಇಳಿಸಿಕೊಂಡು, ಎಲ್ಲಿ ಹೋಯಿತೆಂದು ಗೊತ್ತಿಲ್ಲದಂತೆ ಕರಗಿಹೋಗಿತ್ತು. ತನ್ನದಲ್ಲದ ತಪ್ಪಿಗೆ ಆ ಮಹಿಳೆ ನನ್ನಲ್ಲಿ ಎರಡು ಬಾರಿ ಕ್ಷಮೆ ಕೇಳಿದರು. ತಮ್ಮ ಕಂಪನಿಯ ಹೆಸರು ಹೇಳಿ ಯಾರೋ ಊರೂರಿನ ಜನರನ್ನು ಮುಳುಗಿಸುತ್ತಿರುವುದು ಅವರಿಗೆ ಮನೆಗೇ ಕಳ್ಳ ಹೊಕ್ಕಂತೆ ಆಗಿತ್ತು.

ಇದು ಅಲ್ಲಿ ಹೊಸದಲ್ಲ, ವಂಚನೆಯ ದೂರು ಪಡೆಯುವ ಅಲ್ಲಿನ ಸಂಸ್ಥೆ ವರ್ಷಗಳಿಂದ ಇದರ ಬಗ್ಗೆ ಎಚ್ಚರಿಕೆ ಕೊಡುತ್ತ ಬಂದಿದೆ ಎಂದು ಆಮೇಲೆ ತಿಳಿಯಿತು. ಹೆಸರಾಂತ ಬ್ರಿಟಿಷ್ ಕಂಪನಿಯ ಹೆಸರಿನಲ್ಲಿ ಯೂರೋಪಿನ ಆಹಾರ ತಯಾರಕರಿಂದ ಉದ್ದರಿಯಲ್ಲಿ ಮಾಲು ತರಿಸಿಕೊಂಡು ಮಾಯವಾಗುವುದು ಇದರ ಬಗೆ. ದಾಖಲೆ ಶುದ್ಧವಾಗಿರುವ ಕಂಪನಿಯನ್ನೇ ಅವರು ಆರಿಸಿಕೊಳ್ಳುತ್ತಾರೆ. ಅಂದರೆ ನಾವು ಹೆಚ್ಚು ಜಾಗರೂಕರಾಗಿ ಲೆಕ್ಕಪತ್ರ ನೋಡಿದಷ್ಟೂ ಅವರಿಗೆ ಒಳ್ಳೆಯದು. ನನಗೆ ಇಂದಿಗೂ ಹೊಟ್ಟೆ ಉರಿಯುವುದು ಇದಕ್ಕೇ.

ಒಂದು ಪಕ್ಷ ಕಳಿಸಿದ್ದರೆ? ಅವರು ಕೊನೆಕೊನೆಗೆ ಹಡಗಿಗೆ ಹಾಕಿದ ಮಾಲಿನ ಹಕ್ಕುಪತ್ರವಾದ ಮೂಲ ಬಿಲ್ ಆಫ್ ಲೇಡಿಂಗ್ ಬೇಡ, ಸೀ ವೇಬಿಲ್ ಮಾಡಿಸಿ, ಬೇಗ ಬಿಡಿಸಿಕೊಳ್ಳಬಹುದು ಎಂದು ಒತ್ತಾಯಿಸುತ್ತಿದ್ದರು. ಮೂಲ ಬಿಲ್ ಇದ್ದರೆ ಅದನ್ನು ಒಪ್ಪಿಸದೆ ಬಂದರಿನಲ್ಲಿ ಮಾಲು ಬಿಡುವುದಿಲ್ಲ. ವೇಬಿಲ್ ಆದರೆ ಹೆಸರು ಹೊಂದಿದರೆ ಸಾಕು. ನಮ್ಮ ಕೈಯಲ್ಲಿದ್ದ ಕೊನೆಯ ಹಗ್ಗವನ್ನೂ ಅಲ್ಲಿಗೆ ಬಿಟ್ಟಂತೆ. ಕೆಂಪು ಸಮುದ್ರದ ದಾಳಿಗಳಿಂದಾಗಿ ಆಗ ಹಡಗುಗಳು ಆಫ್ರಿಕಾದ ತುದಿಯನ್ನು ಬಳಸಿ ಹೋಗುತ್ತಿದ್ದವು. ಪ್ರಯಾಣದ ದಿನಗಳು, ಮೇಲೆ 60 ದಿನಗಳ ಉದ್ದರಿ. ಮೋಸ ತಿಳಿಯುವ ಹೊತ್ತಿಗೆ ಡಿಸೆಂಬರ್ ಬಂದಿರುತ್ತಿತ್ತು. ಮೂವತ್ತು ಲಕ್ಷ ಮೀರಿದ ಮಾಲು ಹೋದದ್ದು ಒಂದು ಕಡೆ. ರಫ್ತಿನ ಹಣ ಆಗಿನ ನಿಯಮದಂತೆ ಒಂಬತ್ತು ತಿಂಗಳೊಳಗೆ ದೇಶಕ್ಕೆ ಬರದಿದ್ದರೆ ಬ್ಯಾಂಕಿಗೆ ಉತ್ತರ ಹೇಳಬೇಕು, ಆ ಬಾಕಿ ರಿಸರ್ವ್ ಬ್ಯಾಂಕಿನ ವ್ಯವಸ್ಥೆಯಲ್ಲಿ ನಮ್ಮ ಹೆಸರಿನ ಮುಂದೆ ಕಾಣುತ್ತಲೇ ಇರುತ್ತದೆ.

ವಿಮೆ ಇದೆಯಲ್ಲ ಎಂದು ಕೆಲವರು ಕೇಳಿದರು. ಇಸಿಜಿಸಿ ಎಂಬ ಕೇಂದ್ರ ಸರ್ಕಾರದ ಸಂಸ್ಥೆ 1957ರಿಂದ ರಫ್ತುದಾರರಿಗೆ ಈ ರಕ್ಷಣೆ ಕೊಡುತ್ತಿದೆ, ಹೊರದೇಶದ ಖರೀದಿದಾರರ ಸ್ಥಿತಿಗತಿಯನ್ನೂ ವಿಚಾರಿಸಿ ಮಿತಿ ನಿಗದಿ ಮಾಡುತ್ತದೆ. ನಾನು ಈಗ ಅದನ್ನು ತಪ್ಪದೆ ಮಾಡಿಸುತ್ತೇನೆ. ಆದರೆ ಅದು ನಿಲ್ಲುವುದು ಕಂಪನಿ ನಿಜವಾಗಿ ಆದೇಶ ಕೊಟ್ಟಿದ್ದರೆ. ಆದೇಶವನ್ನೇ ಕೊಡದ ಕಂಪನಿ ಹಣ ಕಟ್ಟಲಿಲ್ಲವೆಂದು ಹೇಗೆ ಕೇಳುವುದು ಎಂದು ನಮ್ಮ ಬ್ಯಾಂಕಿನ ಮ್ಯಾನೇಜರ್ ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಇಮೇಲ್ ಬರೆದವರಿಗೆ ನಾನು ಕೊನೆಯದಾಗಿ ಎರಡೇ ಸಾಲು ಬರೆದೆ: ಎಲ್‌ಸಿ ತೆರೆಯಿರಿ, ಕಂಪನಿಯ ಸ್ಥಿರ ದೂರವಾಣಿಯಿಂದ ನನಗೆ ಕರೆ ಮಾಡಿ. ಉತ್ತರ ಬರಲಿಲ್ಲ. ಪತ್ರಗಳನ್ನೆಲ್ಲ ಒಟ್ಟುಮಾಡಿ ಆ ಮಹಿಳೆಗೆ ಕಳಿಸಿದೆ, ಅವರು ತಮ್ಮ ದೂರಿಗೆ ಸೇರಿಸಿಕೊಂಡರು. ಮುಂದಿನ ಗುರುವಾರದ ಮಾರುಕಟ್ಟೆಗೆ ಹೋದಾಗ ನಾಲ್ಕೈದು ಅಂಗಡಿಗಳಲ್ಲಿ ಕುಳಿತು ಇದನ್ನು ಹೇಳಿದೆ. ಒಬ್ಬರು ಸುಮ್ಮನೆ ಮೊಬೈಲ್ ತೆಗೆದು ನನ್ನ ಮುಂದೆ ಹಿಡಿದರು. ಅದೇ ಅಡ್ಡಗೆರೆ, ಅದೇ ಸಹಿ. ಅವರಿಂದ ಕೇಳಿದ್ದು 10 ಟನ್.

ಆ ಪುಡಿಗೆ ಹೊರದೇಶದ ದಾರಿ ಸಿಕ್ಕಿದ್ದು ಜನವರಿಯಲ್ಲಿ, ಹ್ಯಾಂಬರ್ಗ್‌ನ ಒಂದು ಸಾಂಬಾರ ಆಮದುದಾರರ ಮೂಲಕ. ಈ ಸಲ ನಾನು ತಿರುಗಾಮುರುಗಾ ನಡೆದೆ: ಮೊದಲು ಕಂಪನಿಯ ಸ್ಥಿರ ದೂರವಾಣಿಯನ್ನು ನಾನೇ ಹುಡುಕಿ ಕರೆ ಮಾಡಿ, ನನಗೆ ಬರೆದವರು ಅಲ್ಲಿದ್ದಾರೆಯೇ ಎಂದು ಕೇಳಿ, ಅವರ ಮೇಜಿಗೇ ಕರೆ ಹಾಕಿಸಿಕೊಂಡು ಮಾತನಾಡಿದೆ. ಆಮೇಲೆ ದಾಖಲೆ. ಜರ್ಮನಿಯ ವ್ಯಾಪಾರ ನೋಂದಣಿ ಪುಸ್ತಕವನ್ನು 2022ರ ಆಗಸ್ಟ್‌ನಿಂದ ಆನ್‌ಲೈನ್‌ನಲ್ಲಿ ಶುಲ್ಕವಿಲ್ಲದೆ ನೋಡಬಹುದು. ವ್ಯಾಟ್ ಸಂಖ್ಯೆಯನ್ನು ಯೂರೋಪ್ ಒಕ್ಕೂಟದ ವೀಸ್ ತಾಣದಲ್ಲಿ ಪರೀಕ್ಷಿಸಬಹುದು. ಎರಡೂ ಹೊಂದಿದವು.

ಅವರೂ ನನ್ನನ್ನು ಬಿಡಲಿಲ್ಲ. ಒಂಬತ್ತು ಪುಟಗಳ ಪ್ರಶ್ನಾವಳಿ ಕಳಿಸಿದರು. ಆಮದು-ರಫ್ತು ಕೋಡ್, ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿ, ಯಾವ ರೈತರಿಂದ ಕಾಯಿ ಬರುತ್ತದೆ, ಎಲ್ಲಿ ಒಣಗುತ್ತದೆ, ಬಣ್ಣದ ಮೌಲ್ಯ, ತೇವಾಂಶ, ಎಥಿಲೀನ್ ಆಕ್ಸೈಡ್ ವರದಿ ಯಾವ ಪ್ರಯೋಗಾಲಯದ್ದು, ಆ ಪ್ರಯೋಗಾಲಯಕ್ಕೆ ಯಾರ ಮಾನ್ಯತೆ. ಹೇಳದೆ ಕೇಳದೆ ಒಂದು ಮಧ್ಯಾಹ್ನ ವಿಡಿಯೊ ಕರೆ ಮಾಡಿ, ಈಗಲೇ ಗಿರಣಿ ತೋರಿಸಿ ಎಂದರು. ನಾನು ಫೋನ್ ಹಿಡಿದು ಗೇಟಿನ ಮೇಲಿನ ಬೋರ್ಡಿನಿಂದ ಶುರುಮಾಡಿ, ತೊಟ್ಟು ಬಿಡಿಸುವ ಹಜಾರ, ಜರಡಿ, ಗಿರಣಿ, ಚೀಲ ಹೊಲಿಯುವ ಜಾಗದವರೆಗೆ ನಡೆದೆ. ಮೂಲೆಯಲ್ಲಿದ್ದ ಕರೆಂಟ್ ಮೀಟರನ್ನೂ ಹತ್ತಿರದಿಂದ ತೋರಿಸಲು ಹೇಳಿದರು. ಬಿಲ್ಲಿನಲ್ಲಿದ್ದ ನಂಬರಿಗೆ ಹೋಲಿಸಿಕೊಂಡರೆಂದು ಆಮೇಲೆ ತಿಳಿಯಿತು. ಆ ಅರ್ಧ ತಾಸು ನನಗೆ ಬಹಳ ನೆಮ್ಮದಿ ಕೊಟ್ಟಿತು. ಇಷ್ಟು ಕೇಳುವವರು ಮಾಲು ಕೊಂಡು ಮಾರುವವರೇ.

ಎಲ್‌ಸಿ ಬಂತು. ಅದರ ಪ್ರತಿ ನನ್ನ ಇಮೇಲ್‌ಗೆ ಮೊದಲೇ ಬಂದಿತ್ತು, ಆದರೆ ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಬ್ಯಾಂಕುಗಳು ತಮ್ಮತಮ್ಮಲ್ಲಿ ಸಂದೇಶ ಕಳಿಸುವ ಸ್ವಿಫ್ಟ್ ಜಾಲದ ಮೂಲಕ ನಮ್ಮ ಬ್ಯಾಂಕಿಗೇ ಬಂದು ತಲುಪಿದೆ, ಅಲ್ಲಿನ ಬ್ಯಾಂಕ್ ಅದನ್ನು ದೃಢಪಡಿಸಿದೆ ಎಂದು ಮ್ಯಾನೇಜರ್ ಹೇಳಿದ್ದು ಶುಕ್ರವಾರ ಸಂಜೆ. ಕೋಲ್ಡ್ ಸ್ಟೋರೇಜ್‌ಗೆ ಹೇಳಿ ಮೊದಲ ಅರವತ್ತು ಚೀಲ ಹೊರಗೆ ತೆಗೆಸಿದೆ, ಸೋಮವಾರ ಬೆಳಗ್ಗೆ ಎಲ್ಲರೂ ಬನ್ನಿ ಎಂದು ಹೆಣ್ಣುಮಕ್ಕಳಿಗೆ ಹೇಳಿ ಕಳಿಸಿದೆ.